ಭಾವನ ಹೆಲ್ಮೆಟ್ಟು: ಒಂದು ಮಳೆಗಾಲದ ಪ್ರಕರಣ

ಜುಲೈ ಎರಡನೇ ವಾರ. ರಾತ್ರಿ ಹನ್ನೊಂದೂವರೆಗೆ ಅಕ್ಕನ ಫೋನು. "ಭಾವ ಈಗ ಬಂದ್ರು. ಬೈಕಿಗೆ ಒಂದು ಬದಿಯ ಕನ್ನಡಿಯೇ ಇಲ್ಲ. ಕೇಳಿದ್ರೆ ಬಾಯಿ ಬಿಡ್ತಿಲ್ಲ. ನೀನು ನಾಳೆ ಒಮ್ಮೆ ಬಂದು ಹೋಗು."

ಮರುದಿನ ಭಾನುವಾರ. ಉಡುಪಿ ಹತ್ತಿರದ ಕಟಪಾಡಿಗೆ ಹೋದೆ. ಭಾವ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ಏನೂ ಆಗಿಲ್ಲ ಅನ್ನುವ ಹಾಗೆ. ಚಹಾ ಬಂದ ಮೇಲೆ ಮೆಲ್ಲ ಬಾಯಿಬಿಟ್ಟರು. ಸುರತ್ಕಲ್ ಹತ್ತಿರ ಹೆದ್ದಾರಿಯಲ್ಲಿ ಅಡ್ಡ ಇಟ್ಟಿದ್ದ ಬ್ಯಾರಿಕೇಡ್ ಅವರಿಗೆ ಕಂಡದ್ದು ತೀರಾ ಹತ್ತಿರ ಹೋದ ಮೇಲೆ. ಓರೆ ಮಾಡಿ ತಪ್ಪಿಸಿಕೊಂಡರು. ಕನ್ನಡಿ ಮಾತ್ರ ಅಲ್ಲೇ ಉಳಿಯಿತು.

"ಮಳೆ ಜೋರಿತ್ತಾ ಭಾವ?"

"ಮಳೆ ಇರ್ಲೇ ಇಲ್ಲ ಮಾರಾಯ. ಹೆಲ್ಮೆಟ್ಟಿನ ಗ್ಲಾಸು ಪೂರಾ ಬಿಳಿ. ಎದುರಿನಿಂದ ಲಾರಿಯ ಲೈಟು ಬಿತ್ತು ನೋಡು, ಹಾಲು ಚೆಲ್ಲಿದ ಹಾಗೆ ಆಯ್ತು."

ಮಳೆ ಇರಲಿಲ್ಲ ಅಂದದ್ದನ್ನು ನಾನು ಆಗ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ನನ್ನ ಮೊದಲನೇ ತಪ್ಪು. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವವನು ನಾನು, ನಾಚಿಕೆ ಆಗಬೇಕಾದ್ದೇ.

ಪ್ರಕರಣದ ವಿವರ ಹೀಗೆ. ಭಾವನಿಗೆ 46 ವರ್ಷ, ಕನ್ನಡಕ ಉಂಟು. ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ. ಎರಡನೇ ಪಾಳಿ ಇದ್ದ ವಾರ ರಾತ್ರಿ ಹತ್ತಕ್ಕೆ ಬಿಟ್ಟು ಎನ್‌ಎಚ್ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ದಾಟಿ ಮನೆಗೆ ಬರಬೇಕು. ಒಂದು ಸಲಕ್ಕೆ ಸುಮಾರು 35 ಕಿಲೋಮೀಟರ್. ಬೈಕು 150 ಸಿಸಿಯದ್ದು. ಹೆಲ್ಮೆಟ್ಟು ಮುಖ ಪೂರ್ತಿ ಮುಚ್ಚುವಂಥದ್ದು, ಐಎಸ್‌ಐ ಗುರುತಿನದ್ದೇ, ಮೂರು ವರ್ಷ ಹಳತು. ದೂರು ಎರಡು. ಒಂದು, ಗ್ಲಾಸಿಗೆ ಮಂಜು ಹಿಡಿಯುವುದು. ಇನ್ನೊಂದು, ಗಾಳಿಯ ಗದ್ದಲ. ಎರಡನೆಯದನ್ನು ಭಾವ ದೂರು ಅಂತ ಹೇಳಲೇ ಇಲ್ಲ, ಹೇಳಿದ್ದು ಅಕ್ಕ. "ಡ್ಯೂಟಿಯಿಂದ ಬಂದ ರಾತ್ರಿ ಟಿವಿ ವಾಲ್ಯೂಮು 24ಕ್ಕೆ ಇಡ್ತಾರೆ. ರಜೆ ದಿನ 14 ಸಾಕು ಅವರಿಗೆ."

ಈ ಇಡೀ ಪ್ರಕರಣದಲ್ಲಿ ನಮಗೆ ಸಿಕ್ಕಿದ ಅತ್ಯಂತ ನಂಬಿಕಸ್ಥ ಅಳತೆ ಇದೇ. ಮೊಬೈಲಿನ ಡೆಸಿಬೆಲ್ ಆ್ಯಪನ್ನು ಜೇಬಿನಲ್ಲಿಟ್ಟುಕೊಂಡು ಒಮ್ಮೆ ನೋಡಿದೆವು. ಮೈಕಿಗೆ ಬಟ್ಟೆ ಉಜ್ಜುವ ಸದ್ದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಕಿವಿ ದಣಿದರೆ ಸಣ್ಣ ಸದ್ದು ಸ್ವಲ್ಪ ಹೊತ್ತು ಕೇಳುವುದಿಲ್ಲ, ಆಮೇಲೆ ಸರಿಯಾಗುತ್ತದೆ. ಪ್ರತಿದಿನ ಹಾಗೇ ದಣಿಸಿದರೆ ಒಂದು ದಿನ ಸರಿಯಾಗದೆ ಉಳಿದುಬಿಡುತ್ತದೆ. ಅಕ್ಕನ ರಿಮೋಟು ತೋರಿಸಿದ್ದು ಆ ದಣಿವನ್ನೇ.

ಹೆಲ್ಮೆಟ್ಟನ್ನು ಕೈಗೆ ತಗೊಂಡೆ. ಗಲ್ಲದ ಹತ್ತಿರ ಗಾಳಿ ಬರುವ ಕಿಂಡಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು.

"ಇದೆಂತ?"

"ಅದರಲ್ಲಿ ಸೀಟಿ ಹೊಡೆದ ಹಾಗೆ ಸದ್ದು ಬರ್ತಿತ್ತು. ಮುಚ್ಚಿದೆ."

"ಮತ್ತೆ?"

"ಮತ್ತೆಂತ ಇಲ್ಲ. ಕುತ್ತಿಗೆಗೆ ಒಂದು ಬೈರಾಸು ಸುತ್ತಿಕೊಳ್ತೇನೆ. ಕೆಳಗಿಂದ ಗಾಳಿ ನುಗ್ಗೋದಿಲ್ಲ."

ಬೈರಾಸು ಅಂದರೆ ನಮ್ಮ ಕಡೆಯ ಟವೆಲು. ಅದನ್ನು ಸುತ್ತಿ, ಅದರ ಮೇಲೆ ರೈನ್‌ಕೋಟಿನ ಕಾಲರು ಏರಿಸಿ, ಕಿಂಡಿಗೆ ಟೇಪು ಹಾಕಿ, ಗ್ಲಾಸನ್ನು ಟಕ್ ಅಂತ ಮುಚ್ಚಿದರೆ ಅದು ಹೆಲ್ಮೆಟ್ಟಲ್ಲ, ಹಬೆಯಲ್ಲಿ ಮೂಡೆ ಕಡುಬು ಬೇಯಿಸುವ ಪಾತ್ರೆ. ಉಸಿರು ಬಾಯಿಂದ ಹೊರಡುವಾಗ ಸುಮಾರು 34 ಡಿಗ್ರಿ ಬಿಸಿ, ನೀರಿನ ಹಬೆ ತುಂಬಿಕೊಂಡೇ ಬರುತ್ತದೆ. ಒಂದು ಘನ ಮೀಟರ್ ಅಂಥ ಗಾಳಿಯಲ್ಲಿ ಸುಮಾರು 37 ಗ್ರಾಂ ನೀರು. ನಮ್ಮ ಜುಲೈ ರಾತ್ರಿಯಲ್ಲಿ ಗ್ಲಾಸು ಸುಮಾರು 24 ಡಿಗ್ರಿ. ಆ ಬಿಸಿಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ನೀರು ಸುಮಾರು 22 ಗ್ರಾಂ. ಉಳಿದದ್ದು ಗ್ಲಾಸಿಗೆ ಅಂಟುತ್ತದೆ. ಅದೂ ಹಾಳೆಯಂತೆ ಹರಡಿ ಅಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ. ಒಂದೊಂದು ಹನಿಯೂ ಬೆಳಕನ್ನು ಒಂದೊಂದು ಕಡೆಗೆ ಚದುರಿಸುತ್ತದೆ. ಲಾರಿಯ ಲೈಟು ಹಾಲಾಗುವುದು ಹೀಗೆ.

"ಕಿಂಡಿ ತೆರೆದಿಡಿ, ಗಾಳಿ ಆಡಲಿ" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೆಂಗಳೂರಿನ ಮಾರ್ಚ್ ತಿಂಗಳಲ್ಲಾದರೆ ಅದು ಸರಿ. ಅಲ್ಲಿನ ಒಣ ಗಾಳಿಗೆ ಇನ್ನೂ ನೀರು ಹಿಡಿಯುವ ಜಾಗ ಇರುತ್ತದೆ. ನಮ್ಮ ಕರಾವಳಿಯ ಜುಲೈ ಗಾಳಿ ತುಂಬಿದ ಕೊಡ. ಅದು ಒಳಗೆ ಬಂದು ಉಸಿರನ್ನು ತೆಳು ಮಾಡಬಹುದು, ಆದರೆ ಒಣಗಿಸಲಿಕ್ಕೆ ಅದರಲ್ಲಿ ತಾಕತ್ತಿಲ್ಲ. ಬೇಕಾದ್ದು ಒಂದು ಸಣ್ಣ ಕಿಂಡಿಯಷ್ಟು ಗಾಳಿಯಲ್ಲ, ತುಂಬಾ ಜಾಸ್ತಿ. ಇಲ್ಲದಿದ್ದರೆ ಉಸಿರು ಗ್ಲಾಸಿನ ಕಡೆಗೆ ಹೋಗದ ಹಾಗೆ ಮಾಡಬೇಕು. ಇದು ನನಗೆ ಅರ್ಥವಾಗಲಿಕ್ಕೆ ಆಗಸ್ಟ್ ಬರಬೇಕಾಯಿತು.

ಆ ದಿನ ನಾನು ಮಾಡಿದ್ದು ಸುಲಭದ ಕೆಲಸ. ಟೇಪು ಕಿತ್ತೆ, ಬೈರಾಸು ಬೇಡ ಅಂದೆ. ಮೂರು ದಿನ ಬಿಟ್ಟು ಭಾವನ ಫೋನು: "ಮಂಜು ಸ್ವಲ್ಪ ಕಡಿಮೆ ಆಯ್ತು. ಕಿವಿ ಮಾತ್ರ ಹೋಯ್ತು. ಬೈರಾಸು ಪುನಃ ಸುತ್ತಿಕೊಂಡೆ." ಅಲ್ಲಿಗೆ ನನ್ನ ಮೊದಲ ಚಿಕಿತ್ಸೆ ಮುಗಿಯಿತು.

ಮಳೆ ಇಲ್ಲದ ರಾತ್ರಿಯ ಮಂಜು

ಆಮೇಲೆ ಒಂದು ಪುಸ್ತಕ ಕೊಟ್ಟೆ. ಅಕ್ಕನ ಮಗಳ ಹಳೇ ನೋಟ್‌ಬುಕ್ಕು. ಪ್ರತಿದಿನ ಬಂದ ಮೇಲೆ ನಾಲ್ಕು ವಿಷಯ ಬರೆಯಬೇಕು: ಮಳೆ ಇತ್ತಾ, ಮಂಜು ಎಲ್ಲಿಂದ ಎಲ್ಲಿವರೆಗೆ, ಬೈರಾಸು ಇತ್ತಾ, ಟಿವಿ ಎಷ್ಟು. ಭಾವ ಲಾಗ್‌ಬುಕ್ ಬರೆದು ಅಭ್ಯಾಸ ಇದ್ದವರು, ಚೆನ್ನಾಗಿಯೇ ಬರೆದರು. ಎರಡು ವಾರದ ಪುಟ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮಧ್ಯಾಹ್ನ ಹೋಗುವಾಗ ಹೊರಟ ಕೂಡಲೇ ಮಂಜು ಇಲ್ಲ. ರಾತ್ರಿ ಬರುವಾಗ ಗೇಟಿನಿಂದ ಸುರತ್ಕಲ್‌ವರೆಗೆ ಪ್ರತಿದಿನ ಮಂಜು, ಮಳೆ ಇದ್ದರೂ ಇಲ್ಲದಿದ್ದರೂ. ಸುರತ್ಕಲ್ ದಾಟಿದ ಮೇಲೆ ಒಮ್ಮೆ ಉಂಟು, ಒಮ್ಮೆ ಇಲ್ಲ.

ಫೋನ್ ಮಾಡಿ ಕೇಳಿದೆ. "ಭಾವ, ಹೆಲ್ಮೆಟ್ಟು ಡ್ಯೂಟಿ ಹೊತ್ತಿಗೆ ಎಲ್ಲಿ ಇಡ್ತೀರಿ?"

"ಕಂಟ್ರೋಲ್ ರೂಮಿನಲ್ಲಿ. ಹೊರಗಿಟ್ರೆ ಒದ್ದೆಯಾಗ್ತದಲ್ಲ."

"ಎಸಿ ಉಂಟಾ?"

"22ಕ್ಕೆ ಇಟ್ಟಿರ್ತಾರೆ."

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಮೇಜಿನ ಮೇಲೆ ಬೆವರುತ್ತದಲ್ವಾ, ಇದು ಅದೇ. ಹೊರಗಿನ ಗಾಳಿ 25 ಡಿಗ್ರಿ, ಸುಮಾರು 95 ಶೇಕಡಾ ತೇವ. ಅಂಥ ಗಾಳಿ 24 ಡಿಗ್ರಿಗಿಂತ ತಣ್ಣಗಿನ ಯಾವ ವಸ್ತು ಸಿಕ್ಕಿದರೂ ಅದರ ಮೇಲೆ ನೀರು ಬಿಡುತ್ತದೆ. 22 ಡಿಗ್ರಿಯಲ್ಲಿ ಎಂಟು ಗಂಟೆ ಕೂತ ಹೆಲ್ಮೆಟ್ಟು ಹೊರಗೆ ಬಂದ ಕೂಡಲೇ ಒಳಗೂ ಹೊರಗೂ ಬೆವರುತ್ತದೆ. ತಲೆಗೆ ಹಾಕಿಕೊಳ್ಳುವ ಮೊದಲೇ ಮಂಜು. ಭಾವ ಒಳಗಡೆ ಕೈಬೆರಳಿನಿಂದ ಒರೆಸುತ್ತಿದ್ದರು, ಹೊರಗಡೆಯೂ ಮಂಜು ಉಂಟು ಅಂತ ಕತ್ತಲಲ್ಲಿ ಗೊತ್ತಾಗುತ್ತಿರಲಿಲ್ಲ. ಗ್ಲಾಸು ತೆಳು, ಗಾಳಿಗೆ ಬೇಗ ಬೆಚ್ಚಗಾಗುತ್ತದೆ. ಒಳಗಿನ ಥರ್ಮಾಕೋಲು, ಪ್ಯಾಡು ಅಷ್ಟು ಬೇಗ ಆಗುವುದಿಲ್ಲ. ಹಾಗಾಗಿ ಸುರತ್ಕಲ್‌ವರೆಗೆ ಮಬ್ಬು.

ಇದಕ್ಕೆ ಮದ್ದು ಬಿಟ್ಟಿ. ಕಂಟ್ರೋಲ್ ರೂಮಿನ ಹೊರಗೆ, ಮಳೆ ಬೀಳದ ಪ್ಯಾಸೇಜಿನ ಗೋಡೆಗೆ ಒಂದು ಮೊಳೆ. ಅಷ್ಟೇ. ಆಮೇಲೆ ನೋಟ್‌ಬುಕ್ಕಿನಲ್ಲಿ "ಗೇಟು – ಸುರತ್ಕಲ್" ಅನ್ನುವ ಸಾಲೇ ನಿಂತುಹೋಯಿತು. ಬ್ಯಾರಿಕೇಡಿನ ರಾತ್ರಿಯೂ ಹೆಲ್ಮೆಟ್ಟು ಎಸಿಯಿಂದಲೇ ಬಂದದ್ದು. ಮಳೆ ಇರಲಿಲ್ಲ ಅಂತ ಅವರು ಮೊದಲ ದಿನವೇ ಹೇಳಿದ್ದರು.

ಗಂಜಿಯ ಹಬೆ

ಉಳಿದದ್ದು ಉಸಿರಿನ ಮಂಜು. ಇದಕ್ಕೆ ಊರಲ್ಲಿ ಮದ್ದು ಹೇಳದವರಿಲ್ಲ. ಟೂತ್‌ಪೇಸ್ಟು, ಶೇವಿಂಗ್ ಕ್ರೀಮು, ಆಲೂಗಡ್ಡೆಯ ಹೋಳು, ತೆಂಗಿನೆಣ್ಣೆ. ಒಬ್ಬರು ಸೀಮೆಎಣ್ಣೆ ಅಂದರು. ಅದನ್ನು ಮುಟ್ಟಲೇ ಇಲ್ಲ. ಗ್ಲಾಸು ಅಂತ ಕರೆದರೂ ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಪೆಟ್ರೋಲು, ಥಿನ್ನರು, ಅಮೋನಿಯಾ ಇರುವ ಗಾಜು ಒರೆಸುವ ದ್ರವ ಇವೆಲ್ಲ ಅದರಲ್ಲಿ ಕೂದಲಿನಂಥ ಬಿರುಕು ತರಿಸುತ್ತವೆ. ಟೂತ್‌ಪೇಸ್ಟಿನಲ್ಲಿ ಉಜ್ಜುವ ಪುಡಿ ಇರುತ್ತದೆ, ಗೀರು ಬೀಳುತ್ತದೆ. ಗೀರು ಬಿದ್ದ ಗ್ಲಾಸು ರಾತ್ರಿ ಹೊತ್ತು ಮಂಜು ಇಲ್ಲದೆಯೂ ಮಂಜಿನ ಕೆಲಸ ಮಾಡುತ್ತದೆ.

ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆವು. ಹಳೇ ಗ್ಲಾಸನ್ನು ಬಿಚ್ಚಿ ಒಳಬದಿಯನ್ನು ಮೂರು ಪಾಲು ಮಾಡಿದೆ. ಎಡಕ್ಕೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸವರಿ, ಒಣಗಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಕಲೆ ಹೋಗುವಷ್ಟು ಮಾತ್ರ ಒರೆಸಿದೆ. ಬಲಕ್ಕೆ ತೆಂಗಿನೆಣ್ಣೆ. ನಡುವೆ ಏನೂ ಇಲ್ಲ. ಅಕ್ಕ ಕುಚ್ಚಲಕ್ಕಿ ಗಂಜಿ ಇಟ್ಟಿದ್ದಳು. ಮುಚ್ಚಳ ತೆಗೆದು ಗ್ಲಾಸನ್ನು ಒಂದು ಮೊಳ ಮೇಲೆ ಹಿಡಿದೆ. ನಡುವಿನ ಪಟ್ಟಿ ಎರಡು ಉಸಿರಿನಷ್ಟು ಹೊತ್ತಿಗೆ ಬೆಳ್ಳಗಾಯಿತು. ತೆಂಗಿನೆಣ್ಣೆಯ ಕಡೆ ದಪ್ಪ ದಪ್ಪ ಹನಿ ನಿಂತವು, ಅದರ ಮೂಲಕ ಕಿಟಕಿಯ ಸರಳು ಸೊಟ್ಟಗೆ ಕಂಡವು. ಸಾಬೂನಿನ ಕಡೆ ಮೊದಲು ಏನೂ ಆಗಲಿಲ್ಲ. ಆಮೇಲೆ ತೆಳುವಾಗಿ ನೀರು ಹರಡಿತು, ಒದ್ದೆ ಆಯಿತು, ಆದರೆ ಆಚೆ ಕಡೆ ಸ್ಪಷ್ಟ ಕಾಣುತ್ತಿತ್ತು.

"ಹಾಗಾದ್ರೆ ಸಾಬೂನೇ ಸಾಕಲ್ಲ" ಅಂದಳು ಅಕ್ಕ, ಗಂಜಿ ಕದಡುತ್ತಾ.

ಸಾಬೂನು ನೀರಿನ ಬಿಗಿಯನ್ನು ಸಡಿಲಿಸುತ್ತದೆ. ಹನಿ ಗುಂಡಗೆ ನಿಲ್ಲದೆ ಹಾಳೆಯಾಗಿ ಹರಡುತ್ತದೆ. ಮಾರುಕಟ್ಟೆಯ ಮಂಜು ತಡೆಯುವ ಸ್ಪ್ರೇಗಳಲ್ಲಿ ಹಲವು ಮಾಡುವುದು ಇದನ್ನೇ. ಕಷ್ಟ ಏನೆಂದರೆ ಅದು ತೊಳೆದುಹೋಗುತ್ತದೆ. ಭಾವ ಎರಡು ದಿನಕ್ಕೊಮ್ಮೆ ಸವರಿದರು. ಮೂರನೇ ಸಲ ಗ್ಲಾಸು ತುಸು ಎತ್ತಿದಾಗ ಮಳೆ ಒಳಗೆ ನುಗ್ಗಿ, ಸಾಬೂನು ನೀರು ಕಣ್ಣಿಗೆ ಇಳಿಯಿತು. ಹೆಜಮಾಡಿಯಲ್ಲಿ ಬದಿಗೆ ನಿಲ್ಲಿಸಿ ಕಣ್ಣು ತೊಳೆದುಕೊಂಡರಂತೆ. ಸಾಬೂನು ಅಲ್ಲಿಗೆ ಬಂದ್.

ಆಮೇಲೆ ಪಿನ್‌ಲಾಕ್ ಹಾಕಿಸಿದೆವು. ಹೊಸ ಗ್ಲಾಸು ಹೇಗೂ ಬೇಕಿತ್ತು, ಪಿನ್ ಇರುವುದನ್ನೇ ತಗೊಂಡೆವು. ಪಿನ್‌ಲಾಕ್ ಅಂದರೆ ಗ್ಲಾಸಿನ ಒಳಬದಿಗೆ ಸೇರಿಸುವ ಇನ್ನೊಂದು ತೆಳು ಹಾಳೆ. ಅದರ ಅಂಚಿಗೆ ಸುತ್ತ ಸಿಲಿಕೋನಿನ ಏಣು ಇರುತ್ತದೆ. ಎರಡು ಹಾಳೆಯ ನಡುವೆ ಗಾಳಿ ಸಿಕ್ಕಿಬಿದ್ದು ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ಹೊರಗಿನ ಗ್ಲಾಸಿಗೆ ಮಳೆ ಬಿದ್ದು ತಣ್ಣಗಾದರೂ ಒಳಗಿನ ಹಾಳೆ ಅಷ್ಟು ತಣ್ಣಗಾಗುವುದಿಲ್ಲ. ಜೊತೆಗೆ ಆ ಹಾಳೆಯೇ ಸ್ವಲ್ಪ ತೇವ ಹೀರಿಕೊಳ್ಳುತ್ತದೆ.

ಮೊದಲ ವಾರವೇ ಎರಡು ಹಾಳೆಯ ನಡುವೆ ನೀರು. ಭಾವ "ದುಡ್ಡು ಹೋಯ್ತು" ಅಂದರು. ತಪ್ಪು ನಮ್ಮದೇ. ಆ ಪಿನ್‌ಗಳು ಸರಿಯಾದ ಗುಂಡಗಿಲ್ಲ, ಒಂದು ಬದಿಗೆ ಉಬ್ಬಿರುತ್ತವೆ. ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ, ಸಿಲಿಕೋನು ಸುತ್ತಲೂ ಗ್ಲಾಸಿಗೆ ಒತ್ತುತ್ತದೆ. ನಾವು ಸುಮ್ನೆ ಸಿಕ್ಕಿಸಿ ಬಿಟ್ಟಿದ್ದೆವು. ಬೆಳಕಿಗೆ ಹಿಡಿದು ನೋಡಿದರೆ ಎಡ ಮೂಲೆಯಲ್ಲಿ ಏಣು ಗ್ಲಾಸಿಗೆ ಮುಟ್ಟಿಯೇ ಇರಲಿಲ್ಲ. ಹಾಳೆ ತೆಗೆದು ಒಣಗಿಸಿ, ಪಿನ್ ತುಸು ತಿರುಗಿಸಿ ಹಾಕಿದೆವು. ತೊಳೆಯುವುದಿದ್ದರೂ ಉಗುರು ಬೆಚ್ಚಗಿನ ನೀರು, ಸೌಮ್ಯ ಸಾಬೂನು ಅಷ್ಟೇ. ಉಜ್ಜಿದರೆ ಆ ಮೆತ್ತನೆ ಹಾಳೆ ಹಾಳಾಗುತ್ತದೆ.

ಗ್ಲಾಸು ತಿಳಿಯಾಯಿತು. ಆದರೆ ನೋಟ್‌ಬುಕ್ಕಿನಲ್ಲಿ ಹೊಸ ಸಾಲು: "ಗ್ಲಾಸ್ ಓಕೆ. ಕನ್ನಡಕ ಮಂಜು."

ಹೌದಲ್ವಾ. ಪಿನ್‌ಲಾಕ್ ಕಾಯುವುದು ಗ್ಲಾಸನ್ನು, ಕನ್ನಡಕವನ್ನಲ್ಲ. ಉಸಿರು ಇನ್ನೂ ಮೇಲಕ್ಕೇ ಹೋಗುತ್ತಿತ್ತು. ಯಾಕೆಂದರೆ ಕೆಳಗೆ ಬೈರಾಸು ಉಂಟು. ಬೈರಾಸು ಯಾಕೆ? ಸದ್ದಿಗೆ. ಸದ್ದು ಎಲ್ಲಿಂದ? ಅದನ್ನು ನಾವು ಈವರೆಗೆ ಕೇಳಿಯೇ ಇರಲಿಲ್ಲ.

ಸದ್ದಿನ ಬೆನ್ನು ಹತ್ತಿ

ಸದ್ದು ಸೋರಿಕೆಯ ಹಾಗೆ. ಎಲ್ಲ ಕಡೆಯಿಂದ ಬರುತ್ತದೆ ಅನ್ನಿಸುತ್ತದೆ, ತೂತು ಒಂದೆರಡೇ ಇರುತ್ತದೆ.

ಮೊದಲು ಗ್ಲಾಸಿನ ಅಂಚು ನೋಡಿದೆವು. ಸರ್ವಿಸ್ ಬಸ್ಸಿನ ಟಿಕೆಟೊಂದನ್ನು ಗ್ಲಾಸಿನ ಅಂಚಿಗೂ ರಬ್ಬರಿಗೂ ನಡುವೆ ಇಟ್ಟು, ಗ್ಲಾಸು ಮುಚ್ಚಿ, ಟಿಕೆಟ್ ಎಳೆಯುವುದು. ಎಡಗಡೆ ಟಿಕೆಟು ಹರಿದುಬಂತು, ಅಷ್ಟು ಬಿಗಿ. ಬಲಗಡೆ ಸರ್ರನೆ ಜಾರಿ ಬಂತು. ಗ್ಲಾಸು ಕೂರುವ ಪ್ಲೇಟಿನ ಸ್ಕ್ರೂ ಸಡಿಲಿಸಿ, ಪ್ಲೇಟನ್ನು ಕೂದಲೆಳೆಯಷ್ಟು ಹಿಂದೆ ಸರಿಸಿ ಬಿಗಿ ಮಾಡಿದೆವು. ಈಗ ಎರಡೂ ಬದಿ ಟಿಕೆಟು ಹಿಡಿಯಿತು. ಅದರಿಂದ ಸೀಟಿ ನಿಂತಿತು. ಹಣೆಯ ಹತ್ತಿರ ಮಳೆನೀರು ಇಳಿಯುತ್ತಿದ್ದದ್ದೂ ನಿಂತಿತು. ಟೇಪು ಹಾಕಿದ್ದ ಕಿಂಡಿ ಪಾಪ, ಅದರ ತಪ್ಪೇ ಇರಲಿಲ್ಲ.

ಎರಡನೆಯದು ಕೆನ್ನೆಯ ಪ್ಯಾಡು. ಮೂರು ವರ್ಷದಲ್ಲಿ ಸ್ಪಂಜು ಚಪ್ಪಟೆಯಾಗಿತ್ತು. ಹೆಲ್ಮೆಟ್ಟು ಹಾಕಿ ತಲೆ ಅಲ್ಲಾಡಿಸಿದರೆ ತಲೆ ಒಂದು ಕಡೆ, ಹೆಲ್ಮೆಟ್ಟು ಒಂದು ಕಡೆ. ಇದು ಸದ್ದಿನ ವಿಷಯ ಮಾತ್ರ ಅಲ್ಲ, ಬಿದ್ದಾಗ ತಲೆ ಉಳಿಯುವ ವಿಷಯ. ಅದೇ ಕಂಪೆನಿಯ ದಪ್ಪ ಪ್ಯಾಡು ಸಿಕ್ಕಿತು. ಹಾಕಿದ ಮೇಲೆ ಭಾವ ಮಾತಾಡಿದರೆ ಕೆನ್ನೆ ಕಚ್ಚುವಷ್ಟು ಬಿಗಿ. ಒಂದು ವಾರದಲ್ಲಿ ಸರಿಹೋಯಿತು.

ಗ್ಯಾರೇಜಿನ ಒಬ್ಬರು ಗಲ್ಲದ ಹತ್ತಿರ ಡ್ರಿಲ್ ಹಾಕಿ ಎರಡು ತೂತು ಕೊಡುವ ಅಂದರು, ಗಾಳಿಗೆ ಅಂತ. ನಾನು ಹೆಲ್ಮೆಟ್ಟು ಕಿತ್ತುಕೊಂಡು ಬಂದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟು ಮಾರುವುದೇ ಅಪರಾಧ. ಆ ಗುರುತು ಸಿಗುವುದು ಹೆಲ್ಮೆಟ್ಟಿನ ಭಾರತೀಯ ಮಾನದಂಡ ಐಎಸ್ 4151ರ ಪರೀಕ್ಷೆ ದಾಟಿದ ಚಿಪ್ಪಿಗೆ, ತೂತು ಕೊರೆದ ಚಿಪ್ಪಿಗಲ್ಲ.

ಇಷ್ಟೆಲ್ಲ ಆದ ಮೇಲೂ ಟಿವಿ 21. ಸೀಟಿ ಇಲ್ಲ, ಆದರೆ ಭಾವ ಹೇಳುವ ಪ್ರಕಾರ "ಡಬ ಡಬ ಡಬ, ತಲೆಯನ್ನು ಯಾರೋ ಗುದ್ದಿದ ಹಾಗೆ".

ಆ ಮಾತು ಸುಳಿವು ಕೊಟ್ಟಿತು. ಗಾಳಿ ನೇರ ಹೆಲ್ಮೆಟ್ಟಿಗೆ ತಾಗಿದರೆ ಸದ್ದು ಸುಯ್ಯ್ ಅಂತ ಒಂದೇ ಸಮ ಇರುತ್ತದೆ. ಡಬ ಡಬ ಅನ್ನುವುದು ಸುಳಿಗಾಳಿ. ಎದುರು ಏನೋ ಅಡ್ಡ ಇದ್ದು, ಅದರ ಅಂಚಿನಿಂದ ಮುರಿದ ಗಾಳಿ ಉರುಳಿಕೊಂಡು ಬಂದು ಬಡಿಯುತ್ತಿದೆ. ಬೈಕನ್ನು ಆಗ ಸರಿಯಾಗಿ ನೋಡಿದೆ. ಹೆಡ್‌ಲೈಟಿನ ಮೇಲೆ ಒಂದು ಎತ್ತರದ ಪಾರದರ್ಶಕ ಶೀಲ್ಡು.

"ಇದು ಯಾವಾಗ ಹಾಕಿದ್ದು ಭಾವ?"

"ಮೇ ತಿಂಗಳಲ್ಲಿ. ಮಳೆ ಎದೆಗೆ ಹೊಡೀಬಾರ್ದು ಅಂತ."

"ಬೈರಾಸು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದೂ ಈ ಮಳೆಗಾಲದಿಂದ್ಲೇ."

ಆ ಭಾನುವಾರ ಮಳೆ ಬಿಟ್ಟಿತ್ತು. ಕಟಪಾಡಿಯಿಂದ ಕಾಪುವಿನವರೆಗೆ ಹೋಗಿ ಬರುವ ಅಂದೆವು. ಭಾವ ಮುಂದೆ, ನಾನು ನನ್ನ ಸ್ಕೂಟರಿನಲ್ಲಿ ಹಿಂದೆ. ಹೇಳಿಕೊಟ್ಟದ್ದು ಇಷ್ಟು: ರಸ್ತೆ ಖಾಲಿ ಇದ್ದಲ್ಲಿ 70ರಲ್ಲಿ ಹೋಗುವಾಗ ಸೀಟಿನಿಂದ ತುಸು ಎದ್ದು ನೋಡಿ, ಮತ್ತೆ ಸ್ವಲ್ಪ ಬಗ್ಗಿ ನೋಡಿ, ಸದ್ದು ಎಲ್ಲಿ ಬದಲಾಗುತ್ತದೆ ಅಂತ. ಪಾಂಗಾಳದ ಹತ್ತಿರ ಅವರು ಎದ್ದು ನಿಂತದ್ದು ಕಂಡಿತು. ಕೂತರು. ಮತ್ತೆ ಎದ್ದರು. ಮೂರನೇ ಸಲ ಎದ್ದಾಗ ನನಗೇ ಹೆದರಿಕೆಯಾಗಿ ಹಾರ್ನ್ ಹಾಕಿದೆ. ಕಾಪುವಿನಲ್ಲಿ ನಿಲ್ಲಿಸಿ ಹೆಲ್ಮೆಟ್ಟು ತೆಗೆದು, "ನಾಲ್ಕು ಇಂಚು ಮೇಲೆ ಹೋದ್ರೆ ಸದ್ದೇ ಇಲ್ಲ ಮಾರಾಯ!" ಅಂದರು. ಶೀಲ್ಡಿನ ಮೇಲಂಚಿನಿಂದ ಹೊರಟ ಸುಳಿ ಸರಿಯಾಗಿ ಅವರ ಗಲ್ಲದ ಕೆಳಗೆ ಬಂದು ಬೀಳುತ್ತಿತ್ತು. ಇನ್ನೂ ನಾಲ್ಕು ಇಂಚು ಎತ್ತರದವರಾಗಿದ್ದರೆ ಆ ಶೀಲ್ಡಿನಿಂದ ಅವರಿಗೆ ತೊಂದರೆಯೇ ಇರುತ್ತಿರಲಿಲ್ಲವೇನೋ. ಒಂದೇ ಬೈಕು, ಒಂದೇ ಹೆಲ್ಮೆಟ್ಟು ಒಬ್ಬರಿಗೆ ಆರಾಮ, ಇನ್ನೊಬ್ಬರಿಗೆ ನರಕ ಆಗುವುದು ಇದಕ್ಕೇ.

ಶೀಲ್ಡು ಬಿಚ್ಚಿ ವಾಪಸ್ ಬಂದೆವು. ಮರುದಿನ ರಾತ್ರಿ ಭಾವ ಡ್ಯೂಟಿಯಿಂದ ಬಂದ ಮೇಲೆ ಅಕ್ಕ ಫೋನ್ ಮಾಡಿ ಒಂದೇ ಮಾತು ಹೇಳಿದಳು: "16."

ಗೊತ್ತಾಯಿತಲ್ಲ? ಮೇ ತಿಂಗಳಲ್ಲಿ ಎದೆ ಒದ್ದೆಯಾಗಬಾರದು ಅಂತ ಶೀಲ್ಡು. ಶೀಲ್ಡಿನಿಂದ ಗದ್ದಲ. ಗದ್ದಲಕ್ಕೆ ಬೈರಾಸು. ಬೈರಾಸಿನಿಂದ ಉಸಿರು ಮೇಲಕ್ಕೆ. ಉಸಿರಿನಿಂದ ಮಂಜು. ನಾವು ಬಾಲದಿಂದ ಶುರು ಮಾಡಿ ಸಾಬೂನು, ಹಾಳೆ ಅಂತ ಒಂದೊಂದಾಗಿ ಹಾಕುತ್ತಾ ತಲೆಗೆ ಬಂದದ್ದು ಆಗಸ್ಟ್ ಕೊನೆಗೆ. ಮಂಜನ್ನು ಒಬ್ಬರ ಹತ್ತಿರ, ಸದ್ದನ್ನು ಇನ್ನೊಬ್ಬರ ಹತ್ತಿರ ಕೇಳಿದರೆ ಹೀಗೇ ಆಗುವುದು. ಸದ್ದಿಗೆ ಮದ್ದು ಹೇಳುವವರು ಮುಚ್ಚು ಅನ್ನುತ್ತಾರೆ, ಮಂಜಿಗೆ ಹೇಳುವವರು ತೆರೆ ಅನ್ನುತ್ತಾರೆ.

ಶೀಲ್ಡು ಪೂರ್ತಿ ಬೇಡ ಅನ್ನಲಿಕ್ಕೆ ಭಾವ ಒಪ್ಪಲಿಲ್ಲ. ಮಳೆಯಲ್ಲಿ ಅದರ ಸುಖ ಕಂಡವರು. ಕೊನೆಗೆ ಅದನ್ನು ಒಂದು ತೂತು ಕೆಳಗಿಳಿಸಿ, ವಾಷರುಗಳನ್ನು ಕೊಟ್ಟು ಹೆಡ್‌ಲೈಟಿಗೂ ಶೀಲ್ಡಿಗೂ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟೆವು. ಆ ಸಂದಿನಿಂದ ಗಾಳಿ ಒಳಗೆ ಹೋಗಿ ಶೀಲ್ಡಿನ ಹಿಂದಿನ ಖಾಲಿ ಜಾಗವನ್ನು ತುಂಬುತ್ತದೆ, ಸುಳಿಯ ಜೋರು ಕಡಿಮೆಯಾಗುತ್ತದೆ. ಟಿವಿ 17. ಆ ಒಂದು ಅಂಕಿ ಒಣಗಿದ ಎದೆಗೆ ಕೊಟ್ಟ ಬೆಲೆ ಅಂತ ಬಿಟ್ಟುಬಿಟ್ಟೆವು.

ಬೈರಾಸು ಹೋಯಿತು. ಗಲ್ಲದ ಕೆಳಗೆ ಗಾಳಿ ಆಡಿತು. ಇನ್ನು ಉಸಿರಿಗೆ ದಾರಿ ತೋರಿಸುವುದು. ಹೆಲ್ಮೆಟ್ಟಿನ ಮೂಗಿನ ಪಟ್ಟಿ ಇರಲೇ ಇಲ್ಲ, ಖರೀದಿಸಿದ ವರ್ಷವೇ ಎಲ್ಲೋ ಬಿದ್ದುಹೋಗಿತ್ತು. ನಲವತ್ತೋ ಐವತ್ತೋ ರೂಪಾಯಿಯ ರಬ್ಬರ್ ತುಂಡು ಅದು, ಅಂಗಡಿಯವರು ಡಬ್ಬಿಯ ಅಡಿಯಿಂದ ಹುಡುಕಿ ಕೊಟ್ಟರು. ಮೂಗಿನ ಮೇಲೆ ಸರಿಯಾಗಿ ಕೂತರೆ ಉಸಿರು ಕೆಳಗಡೆಗೇ ಹೋಗುತ್ತದೆ. ಕನ್ನಡಕದ ಮಂಜು ಅರ್ಧಕ್ಕರ್ಧ ಹೋದದ್ದು ಇದರಿಂದ. ಪಿನ್‌ಲಾಕ್‌ಗೆ ಖರ್ಚು ಮಾಡುವ ಮೊದಲು ಇದನ್ನು ಹಾಕಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಕಿವಿಯ ಬತ್ತಿ

17ರಿಂದ 14ಕ್ಕೆ ಇಳಿಯಲಿಕ್ಕೆ ಉಳಿದ ದಾರಿ ಇಯರ್‌ಪ್ಲಗ್ಗು. ಇದಕ್ಕೆ ಭಾವನ ವಿರೋಧ ಜೋರು. "ಎಕ್ಸ್‌ಪ್ರೆಸ್ ಬಸ್ಸಿನವನ ಹಾರ್ನ್ ಕೇಳದಿದ್ರೆ ಮತ್ತೆ ನಾನೇ ಇರೋದಿಲ್ಲ."

ಅವರ ಕಾರ್ಖಾನೆಯಲ್ಲಿ ಕಂಪ್ರೆಸರ್ ಹಾಲಿಗೆ ಹೋಗುವಾಗ ಪ್ಲಗ್ಗು ಕಡ್ಡಾಯ. ಹಳದಿ ಸ್ಪಂಜಿನದ್ದು, ಡಬ್ಬಿಗಟ್ಟಲೆ ಕೊಡುತ್ತಾರೆ. ಭಾವ ಎಂಟು ಗಂಟೆ ಕಿವಿ ಕಾಪಾಡಿಕೊಂಡು, ಗೇಟಿನಲ್ಲಿ ಪ್ಲಗ್ಗು ತೆಗೆದು ಜೇಬಿಗೆ ಹಾಕಿ, ಅಷ್ಟೇ ಗದ್ದಲದ ಹೆಲ್ಮೆಟ್ಟಿನೊಳಗೆ ತಲೆ ಹಾಕುತ್ತಿದ್ದರು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಕಿವಿಯ ಹತ್ತಿರ 95ರಿಂದ 100 ಡೆಸಿಬೆಲ್‌ವರೆಗೆ ಸದ್ದು ಇರಬಹುದು. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ. 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ.

ಹೆಲ್ಮೆಟ್ಟಿನ ಥರ್ಮಾಕೋಲು ಪೆಟ್ಟು ತಡೆಯುತ್ತದೆ, ಈ ಗುಂಯ್‌ಗುಡುವ ದಪ್ಪ ಸದ್ದನ್ನು ಅಷ್ಟಾಗಿ ತಡೆಯುವುದಿಲ್ಲ. ಹಾರ್ನಿನ ಪ್ರಶ್ನೆಗೆ ವಾದ ಮಾಡುವುದು ಬಿಟ್ಟು ಪರೀಕ್ಷೆ ಮಾಡಿದೆ. ಪ್ಲಗ್ಗು ಹಾಕಿಸಿ, 60ರಲ್ಲಿ ಹೋಗಲಿಕ್ಕೆ ಹೇಳಿ, ಹಿಂದಿನಿಂದ ಹಾರ್ನ್ ಹಾಕಿದೆ. ಪ್ರತಿ ಸಲವೂ ಕೈ ಎತ್ತಿದರು. ಪ್ಲಗ್ಗು ಗಾಳಿಯನ್ನೂ ಹಾರ್ನನ್ನೂ ಒಟ್ಟಿಗೆ ತಗ್ಗಿಸುತ್ತದೆ. ಗಾಳಿಯ ಗದ್ದಲದ ಅಡಿಯಲ್ಲಿ ಹಾರ್ನು ಮುಳುಗಿರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ನಮ್ಮ ಮಳೆಗಾಲದಲ್ಲಿ ಒದ್ದೆ ಪ್ಲಗ್ಗು ಕಿವಿಯಲ್ಲಿ ಇಟ್ಟರೆ ಬೂಸ್ಟು ಬರುವುದು ಕಿವಿಯೊಳಗೆ. ಸೆಕೆ, ತೇವ ಇರುವ ಊರುಗಳಲ್ಲಿ ಕಿವಿಯ ಫಂಗಸ್ ಸಾಮಾನ್ಯ. ಒಣಗಿದ, ಶುಚಿಯಾದ ಪ್ಲಗ್ಗು ಮಾತ್ರ. ಬೆರಳಲ್ಲಿ ತೆಳ್ಳಗೆ ಸುತ್ತಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು, ಒಳಗೆ ಸೇರಿಸಿ ಅರ್ಧ ನಿಮಿಷ ಹಿಡಿಯಬೇಕು. ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಅದು ಅಲಂಕಾರ.

ವೇಗದ ಲೆಕ್ಕವನ್ನೂ ಒಮ್ಮೆ ಹೇಳಿದೆ. ಗಾಳಿಯ ಸದ್ದು ವೇಗದ ಜೊತೆ ಸಮ ಸಮವಾಗಿ ಏರುವುದಿಲ್ಲ. ವೇಗ ಎರಡರಷ್ಟಾದರೆ 15ರಿಂದ 18 ಡೆಸಿಬೆಲ್ ಏರುತ್ತದೆ. 80ರಿಂದ 65ಕ್ಕೆ ಇಳಿಸಿದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ, ಅಂದರೆ ಕಿವಿಗೆ ಮೂರು ಪಟ್ಟು ಸಮಯ. ಮನೆಗೆ ತಡವಾಗುವುದು ಆರೇಳು ನಿಮಿಷ. ಭಾವ ತಲೆ ಆಡಿಸಿದರು. ಒಪ್ಪಿದರೋ ಇಲ್ಲವೋ ನನಗೆ ಗೊತ್ತಿಲ್ಲ.

ಈಗಿನ ಸ್ಥಿತಿ

ಎಲ್ಲ ಸೇರಿ ಖರ್ಚು 4,000 ರೂಪಾಯಿಯ ಹತ್ತಿರ. ಅದರಲ್ಲಿ ಜಾಸ್ತಿ ಪಾಲು ಹಾಳೆಗೂ ಹೊಸ ಗ್ಲಾಸಿಗೂ. ಜಾಸ್ತಿ ಉಪಕಾರವಾದ ಮೊಳೆ, ವಾಷರು, ಮೂಗಿನ ಪಟ್ಟಿ ಮೂರಕ್ಕೂ ಸೇರಿ ನೂರು ದಾಟಿಲ್ಲ. ಹಾಗಂತ ಹಾಳೆ ದಂಡ ಅಲ್ಲ. ಜೋರು ಮಳೆಯ ರಾತ್ರಿ ಅದಿಲ್ಲದೆ ಆಗುವುದಿಲ್ಲ.

ಪೂರ್ತಿ ಸರಿಯಾಗದೆ ಉಳಿದದ್ದೂ ಉಂಟು. ಪಡುಬಿದ್ರಿ ಜಂಕ್ಷನ್ನಿನಲ್ಲಿ ಗಾಡಿಗಳ ಹಿಂದೆ ನಿಂತರೆ ಕನ್ನಡಕ ಇನ್ನೂ ಮಬ್ಬಾಗುತ್ತದೆ. ನಿಂತಲ್ಲಿ ಗಾಳಿ ಇಲ್ಲ, ಏನೂ ಮಾಡುವ ಹಾಗಿಲ್ಲ. ಗ್ಲಾಸನ್ನು ಒಂದು ಹಲ್ಲಿನಷ್ಟು ಎತ್ತಿ ನಿಲ್ಲುತ್ತಾರೆ. ಒದ್ದೆ ಪ್ಯಾಡು ಹಾಕಿಕೊಂಡು ಹೊರಟ ದಿನವೂ ಮಂಜು ಬರುತ್ತದೆ, ಆ ನೀರು ತಲೆಯ ಬಿಸಿಗೆ ಹಬೆಯಾಗಿ ಅಲ್ಲೇ ಸುತ್ತುತ್ತದೆ. ಅದಕ್ಕೆ ಅಕ್ಕ ಪ್ಯಾಡುಗಳನ್ನು ಮಾತ್ರ ಬಿಚ್ಚಿ ಬಚ್ಚಲಿನ ಒಲೆಯಿಂದ ದೂರದ ಹಗ್ಗಕ್ಕೆ ಹಾಕುತ್ತಾಳೆ. ಒಮ್ಮೆ ಇಡೀ ಹೆಲ್ಮೆಟ್ಟನ್ನೇ ಅಲ್ಲಿ ತೂಗು ಹಾಕಿದ್ದಳು. ಬಿಸಿಗೆ ಥರ್ಮಾಕೋಲು ಕುಗ್ಗಿದರೆ ಹೆಲ್ಮೆಟ್ಟು ಬರೀ ಟೊಪ್ಪಿ ಅಂತ ಹೇಳಿದ ಮೇಲೆ ನಿಲ್ಲಿಸಿದಳು.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದ ಮೇಲೆ ಭಾವ ಒಳಗಿನ ಹಾಳೆ ತೆಗೆದಿಟ್ಟರು. ರಾತ್ರಿ ಎದುರಿನ ಲೈಟು ಅದರಲ್ಲಿ ಎರಡೆರಡಾಗಿ ಕಾಣುತ್ತದಂತೆ. ತೊಳೆದು, ನೆರಳಲ್ಲಿ ಒಣಗಿಸಿ, ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾರೆ. ಬೈರಾಸು ಈಗ ಬೈಕು ಒರೆಸಲಿಕ್ಕೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅವರದ್ದೇ ಅಕ್ಷರ: "ಜೂನ್ ಮೊದಲ ವಾರ – ಹಾಳೆ ಹಾಕು. ಪಿನ್ ತಿರುಗಿಸು. ಟಿಕೆಟ್ ಎಳೆದು ನೋಡು."